ಮೈನರ್ ಕಾರು ಮತ್ತು ಜಯದೇವಿಯವರ ಕೈಗುಣ

ವಿಜಯನಗರದ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಚನ್ನಕೇಶವ ಮಿತಭಾಷಿ. ಆದರೆ ತಮ್ಮ ಹಳೇ ಮೋರಿಸ್ ಮೈನರ್ ಕಾರಿನ ಸುದ್ದಿ ಬಂದರೆ ಗಿರಣಿ ನಿಂತರೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಜಯದೇವಿಯವರನ್ನು ಬಾನೆಟ್ ಮುಂದೆ ನಿಲ್ಲಿಸಿ, ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ಒಂದನ್ನೊಂದು ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ಚುಕ್ಕೆಗಳನ್ನು ತೋರಿಸಿದರಂತೆ.

"ಇವೇ ಪಾಯಿಂಟು ಕಣೇ. ಇವು ಮುಟ್ಟಿ ಬಿಟ್ರೇನೇ ಕಿಡಿ. ಗಾಡಿ ಜೀವ ಇರೋದೇ ಇಲ್ಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವರ್ಷದ ಆಯುಧಪೂಜೆಗೆ ಜಯದೇವಿ ಗಿರಣಿಯ ಮೋಟಾರಿಗೆ, ತಕ್ಕಡಿಗೆ ಕುಂಕುಮ ಇಟ್ಟು ಕಾರಿನ ಬಳಿ ಬಂದರು. ಸೀದಾ ಬಾನೆಟ್ ಎತ್ತಿಸಿ, ತಾವೇ ಮುಚ್ಚಳದ ಕ್ಲಿಪ್ಪು ಬಿಚ್ಚಿ, ಪಾಯಿಂಟಿಗೆ ಧಾರಾಳವಾಗಿ ಕುಂಕುಮ ಮೆತ್ತಿದರು. ಜೀವಕ್ಕೆ ಇಡದೆ ಬರೀ ಮಡ್‌ಗಾರ್ಡಿಗೆ ಇಟ್ಟರೆ ಅದೆಂಥ ಪೂಜೆ?

ನಡುವೆ ಪುಡಿ ಸೇರಿದ ಮೇಲೆ ಪಾಯಿಂಟು ಮುಟ್ಟುವುದೆಲ್ಲಿ, ಕಿಡಿ ಹುಟ್ಟುವುದೆಲ್ಲಿ! ಇಂಜಿನ್ ಏಳಲಿಲ್ಲ. ಉಜ್ಜೋಣವೆಂದರೆ ಸ್ಪ್ಯಾನರು, ಅರ ಎಲ್ಲ ಪೂಜೆಗೆ ಕೂತಿವೆ. ಆ ದಿನ ಉಪಕರಣ ಮುಟ್ಟುವ ಹಾಗಿಲ್ಲ. ಚಕ್ರದಡಿಯ ನಿಂಬೆಹಣ್ಣು ಮಾತ್ರ ಒಡೆಯಲೇಬೇಕು. ಎದುರು ಮನೆಯ ನಾನೂ ಸೇರಿ ಬೀದಿಯ ಗಂಡಸರು ಕಾರು ತಳ್ಳಿ ಒಡೆಸಿದೆವು. ಆಮೇಲೆ ಗಂಡಹೆಂಡಿರು ಬಸ್ಸು ಹತ್ತಿ ಕೆಂಗೇರಿಗೆ, ಜಯದೇವಿಯವರ ತವರಿಗೆ ಹೋದರು. ಹಬ್ಬದ ದಿನ ಸ್ವಂತ ಕಾರಿನಲ್ಲಿ ಹೋಗಿ ತವರಿನ ಬಾಗಿಲಲ್ಲಿ ಇಳಿಯಬೇಕೆಂಬುದು ಆಕೆಯ ಆಸೆಯಾಗಿತ್ತು.

ವರ್ಷಾ ವರ್ಷಾ ಇದೇ ಕಥೆ. ಮಾರನೆಯ ದಿನ ಚನ್ನಕೇಶವ ಯಾರಿಗೂ ಕಾಣದ ಹಾಗೆ ಪಾಯಿಂಟು ಒರೆಸುವರು, ಕಾರು ಹೊರಡುವುದು. "ಹೆಂಡ್ತಿಗೆ ಹೇಳ್ಬಾರ್ದೇನ್ರೀ?" ಎಂದು ನಾನು ರೇಗಿದರೆ, "ಇರ್ಲಿ ಬಿಡಿ ಮರಿಯಪ್ಪೋರೆ, ಶ್ರದ್ಧೆಯಿಂದ ಇಡ್ತಾಳೆ" ಎನ್ನುವರು. ನನಗೆ ಮೈ ಉರಿಯುತ್ತಿತ್ತು. ತಳ್ಳುವ ಬೆನ್ನು ನನ್ನದಲ್ಲವೇ?

ಕೊನೆಗೆ ಮೂಲೆಮನೆಯ ಅಕ್ಕಯ್ಯಮ್ಮ ಒಂದು ಹಬ್ಬದ ದಿನ ಎಲ್ಲರೆದುರು ಅಂದೇಬಿಟ್ಟರು: "ಆ ಯಮ್ಮನ್ ಕೈಗುಣಾನೇ ಸರಿಯಿಲ್ಲ ಕಣ್ರೀ. ಮುಟ್ಟಿದ್ ಗಾಡಿ ಎದ್ದಿದ್ದುಂಟಾ?"

ಜಯದೇವಿ ಅದನ್ನು ಕೇಳಿಸಿಕೊಂಡರು, ನಂಬಿಯೂಬಿಟ್ಟರು. ಎಂಬತ್ತಾರರ ದಸರೆ ಹತ್ತಿರ ಬಂದಾಗ ಗಂಡನಿಗೆ, "ಈ ಸಲ ನೀವೇ ಕುಂಕುಮ ಇಟ್ಬಿಡಿ. ನಾನು ಕಾರು ಮುಟ್ಟಲ್ಲ" ಎಂದರು. ಚನ್ನಕೇಶವರಿಗೆ ಸಂಕಟವಾಯಿತು. ಕಾರು ನಿಲ್ಲುತ್ತಿದ್ದದ್ದು ಆಕೆ ಇಟ್ಟ ಕುಂಕುಮದಿಂದಲೇ ಎಂದು ಈಗ ನಿಜ ಹೇಳಿದರೆ ಅಕ್ಕಯ್ಯಮ್ಮನ ಮಾತೇ ಗೆದ್ದ ಹಾಗೆ.

ಅವರು ನನ್ನನ್ನೂ ಕೂರಿಸಿಕೊಂಡು ಬಾಪೂಜಿ ನಗರದ ಮೆಕ್ಯಾನಿಕ್ ವೆಂಕಟಗಿರಿಯ ಹತ್ತಿರ ಹೋದರು. "ಪಾಯಿಂಟು ಕಿತ್ತಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಪ್ಪ."

"ಬೇಡ ಸಾರ್. ಪಾಯಿಂಟು ಕೈಕೊಟ್ರೆ ರಸ್ತೆ ಮೇಲೇ ಉಜ್ಕೊಂಡು ಮನೆ ಸೇರ್ಬೋದು. ಈ ಡಬ್ಬ ಕೈಕೊಟ್ರೆ ತಳ್ಳೋದೇ ಗತಿ."

"ತಳ್ಳೋದು ನಮ್ಗೇನ್ ಹೊಸದಾ? ಒಳಗೆ ಪುಡಿಗಿಡಿ ಬಿದ್ರೆ ಏನಾಗುತ್ತೆ, ಅದು ಹೇಳು."

"ಏನೂ ಆಗಲ್ಲ. ಇದ್ರಲ್ಲಿ ಮುಟ್ಟಿ ಬಿಡೋ ಕೆಲಸಾನೇ ಇಲ್ಲ. ಅಯಸ್ಕಾಂತ ತಿರುಗುತ್ತೆ, ಅಷ್ಟೇ."

"ಹಾಗಾದ್ರೆ ಹಾಕು."

ಹಬ್ಬದ ಬೆಳಿಗ್ಗೆ ಜಯದೇವಿ ಒಳಗಿನಿಂದ ಬರಲೊಲ್ಲರು. ಚನ್ನಕೇಶವ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತರು. "ನೀನು ಇಡದಿದ್ರೆ ಕಾರು ಶೆಡ್ಡಲ್ಲೇ ಇರ್ಲಿ. ನಾನಂತೂ ಇಡಲ್ಲ."

ಬೇರೆ ದಾರಿಯಿಲ್ಲದೆ ಜಯದೇವಿ ಬಂದು ಮುಚ್ಚಳ ತೆಗೆದರು, ಒಂದು ಗಳಿಗೆ ಒಳಗೇ ನೋಡುತ್ತ ನಿಂತರು, ಆಮೇಲೆ ಕುಂಕುಮ ಇಟ್ಟರು. ನಾನು ರೂಢಿಯಂತೆ ತೋಳು ಮಡಚಿ ಕಾರಿನ ಹಿಂದೆ ನಿಂತೆ. ಇಂಜಿನ್ ಗುರ್ ಎಂದದ್ದೇ ಕಾರು ಮುಂದೆ ಹೋಯಿತು, ನಾನು ಮುಗ್ಗರಿಸಿದೆ. ನಿಂಬೆಹಣ್ಣು ಒಡೆದವು. ಅಕ್ಕಯ್ಯಮ್ಮ ಗಂಟಲು ಸರಿಮಾಡಿಕೊಂಡು ಒಳಗೆ ಹೋದರು.

"ಹತ್ತಿ ಮರಿಯಪ್ಪೋರೆ, ತಳ್ಳೋಕೆ ಒಬ್ಬರಿರ್ಲಿ" ಎಂದು ಚನ್ನಕೇಶವ ನನ್ನನ್ನು ಹಿಂದೆ ಕೂರಿಸಿಕೊಂಡು ಕೆಂಗೇರಿಗೆ ಹೊರಟರು. ಕಾರು ಮೈಸೂರು ರಸ್ತೆ ಹಿಡಿಯಿತು.

"ಪಾಯಿಂಟು ಇರ್ಲಿಲ್ಲ ಅಲ್ಲಿ" ಎಂದರು ಜಯದೇವಿ ಇದ್ದಕ್ಕಿದ್ದಂತೆ.

"ತೆಗೆಸ್ಬಿಟ್ಟೆ."

"ಅಂದ್ರೆ, ಇಷ್ಟು ವರ್ಷ ನನ್ನ ಕುಂಕುಮದಿಂದಾನೇ ನಿಲ್ತಿತ್ತಾ?"

"ಹೂಂ."

"ಒಂದ್ ಮಾತು ಹೇಳಿದ್ರೆ ಮುಚ್ಚಳದ ಮೇಲೆ ಇಡ್ತಿರ್ಲಿಲ್ವೇನ್ರೀ!"

"ಹೇಳಿದ್ರೆ ನಿಂಗೆ ನೋವಾಗುತ್ತೆ ಅಂತ..."

"ಅದಕ್ಕೆ ಪಾಪ, ಇವರ ಬೆನ್ನು ನೋಯಿಸಿದ್ರಾ?" ಎಂದು ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡಿತು.

ತವರಿನ ತಿರುವು ಬಂತು. ಜಯದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಮುಂದೆ ಕೈ ಚಾಚಿ ತಾವೇ ಹಾರನ್ ಒತ್ತಿದರು. ಮನೆಮಂದಿಯೆಲ್ಲ ಬಾಗಿಲಿಗೆ ಬರುವವರೆಗೂ ಆ ಕೈ ತೆಗೆಯಲಿಲ್ಲ.