ಎರಡನೇ ಸ್ಪೀಕರ್ ಪೆಟ್ಟಿಗೆ

ಕಡಬದ ಮದುವೆ ಹಾಲ್‌ನಲ್ಲಿ ನಾನು ಬೇಸ್ ಗಿಟಾರನ್ನು ಆಂಪ್ಲಿಫಯರಿಗೆ ಜೋಡಿಸುತ್ತಿದ್ದೆ. ಮದುಮಗಳ ಸೋದರಮಾವ ಪೆರಾಬೆಯಿಂದ ಜೀಪಿನಲ್ಲಿ ಇನ್ನೊಂದು ಸ್ಪೀಕರ್ ಪೆಟ್ಟಿಗೆ ತಂದು ಇಳಿಸಿದರು.

"ಇದನ್ನೂ ಸೇರಿಸಿ ಮಾರಾಯ್ರೆ."

ಹಿಂಬದಿ ನೋಡಿದೆ. ನನ್ನ ಪೆಟ್ಟಿಗೆಯ ಹಾಗೆ ಅದೂ ನಾಲ್ಕು ಓಮ್‌ನದ್ದು.

"ಆಗುದಿಲ್ಲ. ಎರಡೂ ಎಂಟು ಓಮ್‌ನದ್ದಾದರೆ ಸೇರಿಸಬಹುದಿತ್ತು. ಓಮ್ ಕಡಿಮೆಯಾದಷ್ಟು ಆಂಪ್ಲಿಫಯರಿಗೆ ಲೋಡ್ ಜಾಸ್ತಿ; ಈಗ ಸೇರಿಸಿದರೆ ಸುಟ್ಟು ಹೋದೀತು."

ಅವರ ಮುಖ ಸಪ್ಪೆಯಾಯಿತು. "ಅಮ್ಮನಿಗೆ ಕಿವಿ ಕೇಳುದಿಲ್ಲ. ಮನೆಯಲ್ಲಿ ಇದರ ಮೇಲೆ ಕೈ ಇಟ್ಟೇ ಅವರು ಹಾಡು ಕೇಳುದು. ಅದಕ್ಕೆ ತಂದದ್ದು."

ಮುಂದಿನ ಸಾಲಿನಲ್ಲಿ ಅವರ ಅಮ್ಮ ಕೂತಿದ್ದರು. ನಾನು ನನ್ನ ಪೆಟ್ಟಿಗೆಯ ವಯರ್ ಕಳಚಿ, ಇವರದ್ದನ್ನು ಮಾತ್ರ ಜೋಡಿಸಿ ಅಜ್ಜಿಯ ಪಕ್ಕ ಇಡಿಸಿದೆ. ಹಾಡು ಶುರುವಾದಾಗ ಸ್ಟೇಜಿನಲ್ಲಿ ನನ್ನ ಗಿಟಾರ್ ನನಗೇ ಸರಿ ಕೇಳುತ್ತಿರಲಿಲ್ಲ. ಅಜ್ಜಿ ಮಾತ್ರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಹಾಡು ಮುಗಿದ ಮೇಲೆ ಕೈಸನ್ನೆ ಮಾಡಿ ಕರೆದರು. ಹೊಗಳಿಯಾರು ಎಂದು ಖುಷಿಯಲ್ಲಿ ಹೋಗಿ ಬಗ್ಗಿದೆ.

"ಸ್ವಲ್ಪ ಮೆಲ್ಲ ಬಾರಿಸು ಮಗಾ, ಕೈ ಜುಮ್ಮೆನ್ನುತ್ತದೆ" ಎಂದರು.

ಇಷ್ಟು ವರ್ಷ ಬಾರಿಸಿದ್ದೇನೆ, ಬೇಸ್ ಕೇಳಿಸುವುದೇ ಇಲ್ಲ ಎಂದವರೇ ಹೆಚ್ಚು. ನನ್ನ ಬೇಸ್ ಜಾಸ್ತಿಯಾಯಿತು ಎಂದವರು ಅವರೊಬ್ಬರೇ.