ಬಂಡೆಯ ಮೇಲಿನ ಮೂರು ಪುಟ

ಬೆಳಿಗ್ಗೆ ನಾನು ಕೂತಿದ್ದ ಬಂಡೆ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಇರಲಿಲ್ಲ. ದಾಂಡೇಲಿಯಿಂದ ಸ್ವಲ್ಪ ಮೇಲಕ್ಕೆ, ಕಾಳಿ ನದಿ ಅಗಲವಾಗಿ ಹರಿಯುವ ಕಡೆ, ನಮ್ಮ ಸಿನಿಮಾದವರು ಎರಡು ದಿನ ಅಲೆದು ಆರಿಸಿದ ಬಂಡೆ ಅದು. ಊಟಕ್ಕೆ ಏಳುವಾಗ ನನ್ನ ಪಾತ್ರದ ಬಿದಿರು ಬುಟ್ಟಿಯನ್ನು ಅದರ ಮೇಲೆಯೇ ಬಿಟ್ಟಿದ್ದೆ. ಬಂದು ನೋಡಿದರೆ ಬುಟ್ಟಿಯೂ ಇಲ್ಲ, ಬಂಡೆಯೂ ಇಲ್ಲ, ಬರೀ ನೀರು. ದಾರಿ ತಪ್ಪಿ ಬೇರೆಲ್ಲೋ ಬಂದೆನೇನೋ ಎಂದು ಸುತ್ತ ನೋಡಿದೆ. ಅದೇ ಮತ್ತಿ ಮರ, ಅದೇ ಕ್ಯಾಮೆರಾ, ಅದೇ ಕೊಡೆ. ನಿರ್ದೇಶಕರು ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ನೀರನ್ನೇ ನೋಡುತ್ತ ನಿಂತಿದ್ದರು.

ನಮ್ಮ ಜೀಪು ಓಡಿಸುತ್ತಿದ್ದವರು ದಾಂಡೇಲಿಯಲ್ಲೇ ಗ್ಯಾರೇಜಿಟ್ಟಿದ್ದ ಮೆಕ್ಯಾನಿಕರು. ಶುಕ್ರವಾರ ಅವರು ನಮಾಜು ಮುಗಿಸಿ ಬರುವವರೆಗೆ ಜೀಪು ಕದಲುತ್ತಿರಲಿಲ್ಲ. ನಾನು ನಿವೃತ್ತ ಶಿಕ್ಷಕಿ ಎಂದು ತಿಳಿದ ದಿನದಿಂದ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

"ಅಕ್ಕೋರ, ಈ ಹೊಳಿ ಪಾಳಿ ಮ್ಯಾಲ ಕೆಲಸ ಮಾಡ್ತೈತ್ರಿ. ಮ್ಯಾಲ ಡ್ಯಾಮಿನ್ಯಾಗ ಕರೆಂಟ್ ಮಾಡಾಕ ನೀರು ಬಿಟ್ರಂದ್ರ ಏರತೈತಿ, ನಿಲ್ಲಿಸಿದ್ರ ಇಳೀತೈತಿ. ಇಲ್ಲಿ ಎಮ್ಮಿ ಮೈ ತೊಳಿಯಾವ್ರಿಗೂ ಇದು ಗೊತ್ತೈತಿ."

"ಮತ್ತ ನೀವು ಮೊದಲ ಯಾಕ ಹೇಳಲಿಲ್ರಿ?"

"ನನ್ನ ಯಾರು ಕೇಳಿದ್ರು? ನಂಗ ಜೀಪ್ ಎಲ್ಲಿ ನಿಲ್ಲಿಸ್ಬೇಕು ಅಂತಷ್ಟ ಹೇಳ್ತಾರ."

ನನಗೆ ನಗು ಬಂತು, ಭಯವೂ ಆಯಿತು. ಏಕೆಂದರೆ ಆ ಬಂಡೆಯ ಮೇಲೆ ನನ್ನ ಮೂರು ಪುಟದ ಮಾತಿತ್ತು.

ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ನಮ್ಮ ಮನೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸಿದೆ, ನಾನೂ ಹವ್ಯಾಸಿ ತಂಡದ ಜೊತೆ ಅಲ್ಲಲ್ಲಿ ಬಣ್ಣ ಹಚ್ಚಿದೆ. ಹುಬ್ಬಳ್ಳಿಯಲ್ಲಿ ನನ್ನ ನಾಟಕ ನೋಡಿದ ಈ ನಿರ್ದೇಶಕರು ಬೆಂಗಳೂರಿನಿಂದ ಮನೆಗೇ ಬಂದರು. ತಾಯಿಯ ಪಾತ್ರ ಎಂದಾಗ ನಾನು ಆಗಲೇ ಬೇಡವೆಂದಿದ್ದೆ. ಸಿನಿಮಾದ ತಾಯಂದಿರು ಕೆಮ್ಮುವುದು, ಅಳುವುದು, ಅನ್ನ ಬಡಿಸುವುದು ಬಿಟ್ಟು ಬೇರೇನು ಮಾಡುತ್ತಾರೆ? ಆಗ ಅವರು ಚೀಲದಿಂದ ಮೂರು ಪುಟ ತೆಗೆದು ಕೊಟ್ಟರು. ಲಾರಿ ಹಾಯಿಸಿ ಒಬ್ಬನ ಜೀವ ತೆಗೆದು ಓಡಿಬಂದ ಮಗ ಹೊಳೆಯ ದಡದಲ್ಲಿ ತಾಯಿಯ ಕಾಲು ಹಿಡಿಯುತ್ತಾನೆ, ನನ್ನನ್ನು ಬಚ್ಚಿಡು ಎನ್ನುತ್ತಾನೆ. ತಾಯಿ ಆಗುವುದಿಲ್ಲ ಎನ್ನುತ್ತಾಳೆ. ಯಾಕೆ ಆಗುವುದಿಲ್ಲ ಎಂದು ಮೂರು ಪುಟ ಹೇಳುತ್ತಾಳೆ. ಅಂಥ ಮಾತು ನನ್ನ ಬಾಯಿಗೆ ಯಾವತ್ತೂ ಬಂದಿರಲಿಲ್ಲ. ಒಪ್ಪಿಕೊಂಡುಬಿಟ್ಟೆ.

ಅಭ್ಯಾಸಕ್ಕೆ ಮಗ ಬೇಕಲ್ಲ? ನಮ್ಮ ಮನೆಯವರೇ ಮಗನಾದರು. ಅರವತ್ತೈದರ ಗಂಡಸು ಕನ್ನಡಕ ಏರಿಸಿಕೊಂಡು, ಅಡುಗೆ ಕಟ್ಟೆಯ ಪಕ್ಕ ನಿಂತು "ಅವ್ವಾ, ನನ್ನ ಉಳಿಸಬೇ" ಎಂದು ಓದುವುದು. ನಾನು ರೊಟ್ಟಿ ಬಡಿಯುತ್ತಲೇ "ಹೋಗು, ಸತ್ತಾಂವನ ಹೆಂಡ್ತಿ ಮುಂದ ನಿಂತು ಇದನ್ನ ಹೇಳು" ಎಂದು ಶುರು ಮಾಡುವುದು. ಎರಡು ತಿಂಗಳಲ್ಲಿ ಅವರಿಗೂ ನನ್ನ ಮಾತೆಲ್ಲ ಬಾಯಿಪಾಠವಾಯಿತು. ಎಲ್ಲಾದರೂ ಒಂದು ಶಬ್ದ ಬಿಟ್ಟರೆ ರೊಟ್ಟಿ ತಟ್ಟೆ ಕೆಳಗಿಟ್ಟು ತಿದ್ದುತ್ತಿದ್ದರು. ಊರಲ್ಲಿ ಸಿಕ್ಕವರಿಗೆಲ್ಲ ಆ ಮೂರು ಪುಟದ ಸುದ್ದಿಯನ್ನು ಹೇಳಿದ್ದೂ ಅವರೇ.

ಆದರೆ ಚಿತ್ರೀಕರಣ ಶುರುವಾದ ದಿನದಿಂದ ನನಗೆ ಯಾವುದರ ತಲೆಬುಡವೂ ತಿಳಿಯಲಿಲ್ಲ. ನಾಟಕದಲ್ಲಿ ಪರದೆ ಏಳುತ್ತದೆ, ಕಥೆ ಶುರುವಾಗುತ್ತದೆ, ಮುಗಿಯುತ್ತದೆ. ಇಲ್ಲಿ ಮೊದಲ ದಿನವೇ ಅಣಶಿಯ ಕಾಡುದಾರಿಯಲ್ಲಿ ನನ್ನನ್ನು ಅಳಿಸಿದರು. ಯಾಕೆ ಅಳಬೇಕು ಎಂದು ಕೇಳಿದೆ. "ಅದನ್ನ ಆಮೇಲೆ ತೆಗೀತೀವಿ ಅಮ್ಮಾ, ಈಗ ಅತ್ತುಬಿಡಿ ಸಾಕು" ಎಂದರು ನಿರ್ದೇಶಕರು. ಕಾರಣವಿಲ್ಲದೆ ಅತ್ತೆ. ಕಾಲಿಗೆ ಉಂಬಳ ಹತ್ತಿ ರಕ್ತ ಹೀರಿದ್ದು ಆಗ ಸ್ವಲ್ಪ ಸಹಾಯಕ್ಕೆ ಬಂತು. ಮಾರನೆಯ ದಿನ ಜಿಟಿಜಿಟಿ ಮಳೆ. ಬೇಕಾದದ್ದೂ ಮಳೆಯ ದೃಶ್ಯವೇ. ಆದರೂ ಟ್ಯಾಂಕರ್ ತರಿಸಿ ಪೈಪಿನಲ್ಲಿ ಮೇಲಿನಿಂದ ನೀರು ಸುರಿದರು. ನಿಜವಾದ ಮಳೆ ಕ್ಯಾಮೆರಾಕ್ಕೆ ಕಾಣುವುದಿಲ್ಲವಂತೆ. ನಿಜವಾದ ಮಳೆಯಲ್ಲಿ ನಿಂತು ಸುಳ್ಳು ಮಳೆಗೆ ನೆನೆದು ನನಗೆ ಜ್ವರ ಬಂತು. ಮಾತ್ರೆ ನುಂಗಿ ಮಲಗಿ, ಯಾವ ಮಳೆಯಿಂದ ಬಂದದ್ದೋ ಎಂದು ಯೋಚಿಸಿದೆ.

ನನ್ನ ಹತ್ತಿರ ಇದ್ದದ್ದು ಒಂದೇ ಧೈರ್ಯ. ಉಳಿದದ್ದೆಲ್ಲ ಏನಾದರಾಗಲಿ, ಆ ಮೂರು ಪುಟ ಮೊದಲಿನಿಂದ ಕೊನೆಯವರೆಗೆ ನನ್ನವು.

ಆ ಮೂರು ಪುಟಕ್ಕೆ ನಿರ್ದೇಶಕರಿಗೆ ಬಿಸಿಲೇ ಬೇಕು, ಬಂಡೆಯ ಮೇಲೆ ಬಿಸಿಲು ಬೀಳುತ್ತಿದ್ದುದು ಮಧ್ಯಾಹ್ನ. ಹೊಳೆಯಲ್ಲಿ ನೀರು ಬರುತ್ತಿದ್ದುದೂ ಮಧ್ಯಾಹ್ನವೇ. ಮೂರು ದಿನ ಹಾಗೇ ಆಯಿತು. ಬೆಳಿಗ್ಗೆ ನಾನು ಬಂಡೆಯ ಮೇಲೆ ಕೂತು ದಾರಿ ಕಾಯುವುದು, ಮಗ ದೂರದಿಂದ ಓಡಿಬರುವುದು. ಅವನು ಕಾಲು ಹಿಡಿದು ನಾನು ಬಾಯಿ ತೆರೆಯಬೇಕು ಎನ್ನುವ ಹೊತ್ತಿಗೆ ಬಂಡೆ ಮುಳುಗುವುದು. ಬೇರೆ ಬಂಡೆ ನೋಡೋಣವೆಂದರೆ, ಇದರ ಮೇಲೆ ಆಗಲೇ ಅರ್ಧ ತೆಗೆದಾಗಿದೆ, ಹೊಂದುವುದಿಲ್ಲ ಎಂದರು. ನಾಯಕನಟ ನಾಲ್ಕನೆಯ ದಿನ ಸಂಜೆ ಊರು ಬಿಡುವವನು.

ನಾಲ್ಕನೆಯ ದಿನ ನಿರ್ದೇಶಕರು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. "ಅಮ್ಮಾ, ಒಂದು ಸಣ್ಣ ಬದಲಾವಣೆ. ನೀವು ಇಲ್ಲೇ ದಡದಲ್ಲಿ ಕಣ್ಣು ಮುಚ್ಚಿ ಮಲ್ಕೊಳ್ಳಿ. ಅವನು ಬಂದು ನಿಮ್ಮನ್ನ ಎತ್ಕೋತಾನೆ. ಅಷ್ಟೇ" ಎಂದರು. ನನ್ನ ಮುಖ ನೋಡದೆ ಹೇಳಿದ್ದು ಆಗ ನನಗೆ ಹೊಳೆಯಲಿಲ್ಲ. ಮಗನ ಸುದ್ದಿ ಕೇಳಿ ತಾಯಿಗೆ ಎಚ್ಚರ ತಪ್ಪಿದೆ, ಎಚ್ಚರವಾದ ಮೇಲೆ ಮಾತು ಎಂದು ನಾನೇ ಲೆಕ್ಕ ಹಾಕಿಕೊಂಡೆ. ಎಚ್ಚರ ತಪ್ಪಿ ಎದ್ದವಳು ಮೊದಲ ಪುಟವನ್ನು ಸ್ವಲ್ಪ ಮೆಲ್ಲಗೆ ಹೇಳಬೇಕಲ್ಲ ಎಂದು ಒದ್ದೆ ಉಸುಕಿನ ಮೇಲೆ ಮಲಗಿಕೊಂಡೇ ಮನಸ್ಸಿನಲ್ಲಿ ಉರು ಹೊಡೆದೆ.

ಮಗ ಬಂದ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅತ್ತ, ಕೂಗಿದ, ನನ್ನ ಗಲ್ಲದ ಮೇಲೆ ಅವನ ಕಣ್ಣೀರು ಬಿತ್ತು. ಎಚ್ಚರ ತಪ್ಪಿದ್ದಕ್ಕೆ ಈ ಪರಿ ಅಳುತ್ತಾನಲ್ಲ, ಒಂದಿಷ್ಟು ನೀರು ಚಿಮುಕಿಸಬಾರದೇ ಎಂದುಕೊಂಡೆ. ಕಟ್ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಏಳಲು ಹೋದರೆ ಮೇಕಪ್ಪಿನ ಹೆಂಗಸು ಭುಜ ಹಿಡಿದು ಕೂರಿಸಿ, ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದಳು. ಛಾಯಾಗ್ರಾಹಕರು ಮತ್ತೆ ಕ್ಯಾಮೆರಾ ನನ್ನ ಕಡೆ ತಿರುಗಿಸಿದರು.

"ಅಮ್ಮಾ, ಈಗ ಇಲ್ಲಿ ನೋಡಿ ಒಂದ್ಸಲ ನಗಿ."

"ಯಾಕ್ರಿ?"

"ಸತ್ತ ಸೀನ್ ಮಾಡಿದವರು ಹಾಗೇ ಎದ್ದು ಹೋಗಬಾರ್ದು. ನಗಬೇಕು. ಇದು ನಮ್ಮಲ್ಲಿ ಪದ್ಧತಿ."

"ಯಾರು ಸತ್ತರು?" ಎಂದೆ.

ನಾಯಕನಟ ಕಣ್ಣೊರೆಸಿಕೊಳ್ಳುತ್ತಿದ್ದವನು ಅಲ್ಲೇ ನಿಂತ. ಕೊನೆಗೆ ನಿರ್ದೇಶಕರೇ ಬಾಯಿಬಿಟ್ಟರು. "ಹೊಳೆ ನೀರು ಏರಿ ತಾಯಿ ಕೊಚ್ಚಿಕೊಂಡು ಹೋಗ್ತಾಳೆ ಅಮ್ಮಾ. ಮಗನಿಗೆ ಹೆಣ ಸಿಗುತ್ತೆ. ಹೀಗೂ ಚೆನ್ನಾಗಿದೆ ಅಲ್ವಾ?"

"ಮತ್ತ ಮೂರು ಪುಟ?"

"ಅದು... ಈಗ ತಾಯಿಯೇ ಇಲ್ಲವಲ್ಲ."

ನಗದೆ ಎದ್ದರೆ ನನಗೆ ಕೆಡುಕಾಗುತ್ತದೆ ಎಂದು ಅವರೆಲ್ಲರಿಗೂ ನಿಜವಾದ ಗಾಬರಿ. ಐದು ನಿಮಿಷದ ಹಿಂದೆ ನನ್ನನ್ನು ಕೇಳದೆ ಕೊಂದವರು ಈಗ ನನ್ನ ಆಯುಸ್ಸಿಗಾಗಿ ಕೈಮುಗಿದು ನಿಂತಿದ್ದರು. ನಾನು ಕ್ಯಾಮೆರಾ ನೋಡಿದೆ. ಏನಾಯಿತೋ ಗೊತ್ತಿಲ್ಲ, ನಗು ಬಂತು. ತಡೆಯಲಾಗದಷ್ಟು ಬಂತು. "ಸೂಪರ್ ಅಮ್ಮಾ" ಎಂದರು.

ಅಂದೇ ಜೀಪು ಹತ್ತಿದೆ. ಹಳಿಯಾಳ ದಾಟಿದ ಮೇಲೆ ಮೆಕ್ಯಾನಿಕರು, "ಅಕ್ಕೋರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮೊದಲನೇ ದಿನಾನ ಹೊಳಿ ಸುದ್ದಿ ನಾನರ ಹೇಳ್ಬೇಕಿತ್ತು" ಎಂದರು. ಅಷ್ಟು ಜನರಲ್ಲಿ ತಪ್ಪು ಒಪ್ಪಿಕೊಂಡವರು ತಪ್ಪು ಮಾಡದ ಅವರೊಬ್ಬರೇ.

ಮನೆಯಲ್ಲಿ ನಮ್ಮವರು ಬಾಗಿಲಲ್ಲೇ ಕೇಳಿದರು. "ಹೆಂಗಾತು? ಎಲ್ಲಾ ಹೇಳಿದಿ? ಒಂದೂ ಬಿಡಲಿಲ್ಲಾ?" ಅವರ ಮುಖ ನೋಡಿ ನನ್ನ ಬಾಯಿಂದ ಬಂದದ್ದು, "ಚಲೋ ಆತು." ಅದೇಕೆ ಹಾಗೆ ಹೇಳಿದೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಿಂಗಳುಗಳೇ ಕಳೆದವು. ಅಷ್ಟರಲ್ಲಿ ಅವರು ಊರಿಗೆಲ್ಲ ಇನ್ನೊಂದು ಸುತ್ತು ಹೇಳಿ ಮುಗಿಸಿದ್ದರು. ನಾಚಿಕೆಯೋ, ಕನಿಕರವೋ, ಹೇಳಲಿಕ್ಕಾಗಲಿಲ್ಲ.

ಸಿನಿಮಾ ಬಂದಾಗ ಹುಬ್ಬಳ್ಳಿಗೆ ನಾವಿಬ್ಬರೇ ಹೋದೆವು. ನಾನು ಬಂಡೆಯ ಮೇಲೆ ಕೂತಾಗ ಅವರು ಕುರ್ಚಿಯ ತುದಿಗೆ ಬಂದರು. ಕತ್ತಲಲ್ಲಿ ಅವರ ತುಟಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಮಗ ಓಡಿಬಂದ. ನೀರು ಬಂತು. ನಾನು ದಡದಲ್ಲಿ ಸತ್ತು ಬಿದ್ದಿದ್ದೆ. "ಇದೇನ, ಕನಸ ಬಿದ್ದದ್ದೇನು ಅವಂಗ?" ಎಂದು ಪಿಸುಗುಟ್ಟಿದರು. ಅವರು ಕಾದರು. ಕಥೆ ಎಲ್ಲೆಲ್ಲೋ ಹೋಯಿತು, ಮಗ ಜೈಲು ಸೇರಿದ, ಅವರು ಇನ್ನೂ ಕಾಯುತ್ತಿದ್ದರು.

ಕೊನೆಯಲ್ಲಿ ಜೈಲಿನಲ್ಲಿ ಕೂತ ಮಗ ಕಣ್ಣು ಮುಚ್ಚುತ್ತಾನೆ. ಆಗ ಪರದೆಯ ತುಂಬ ನನ್ನ ಮುಖ ಬಂತು. ಒದ್ದೆ ಕೂದಲು, ಗಲ್ಲದ ಮೇಲೆ ಉಸುಕು, ಆ ನಗು. ಪದ್ಧತಿಗೆಂದು ನಕ್ಕದ್ದನ್ನು ಮಗನ ನೆನಪಿನ ತಾಯಿಯೆಂದು ಅಲ್ಲಿ ಕೂರಿಸಿದ್ದರು. ಹಿಂದಿನ ಸಾಲಿನ ಹೆಂಗಸು ಬಿಕ್ಕಿದಳು. ಎಂಥ ಮಮತೆ ನೋಡ್ರಿ ಆ ಮುಖದಾಗ ಎಂದು ಯಾರೋ ಅಂದರು. ಹೆಮ್ಮೆಪಡಬೇಕೋ, ಎದ್ದು ಹೊರಗೆ ಹೋಗಬೇಕೋ ನನಗೆ ತಿಳಿಯಲಿಲ್ಲ.

ದೀಪ ಹತ್ತಿದ ಮೇಲೂ ನಮ್ಮವರು ಏಳಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಆ ನಗಿ ನಂಗ ಗೊತ್ತೈತಿ," ಎಂದರು. "ನಿಂಗ ಭಾಳ ಸಿಟ್ಟ ಬಂದಾಗ ಹಂಗ ನಗ್ತಿ. ನಲವತ್ತು ವರ್ಷ ನೋಡೇನಿ. ಏನ್ ಮಾಡಿದ್ರು ನಿಂಗ ಅಲ್ಲಿ?"

ಜನ ನಮ್ಮ ಕಾಲು ದಾಟಿ ದಾಟಿ ಹೊರಗೆ ಹೋಗುತ್ತಿದ್ದರು. ನಾನು ಅಲ್ಲೇ ಕೂತು ಅವರಿಗೆ ಎಲ್ಲವನ್ನೂ ಹೇಳತೊಡಗಿದೆ.