ತವರಿನ ಬದಲು ವಿಜಾಪುರದಾಗ ಹಡೆದದ್ದು

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಬಲೇಶ್ವರದಿಂದ ತಿಕೋಟಾಕ್ಕೆ ಸೊಸೆಯಾಗಿ ಬಂದ ಎರಡನೇ ವರ್ಷಕ್ಕೆ ನಾನು ಬಸುರಿಯಾದೆ. ಉಂಡದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹುಣಸೆಹಣ್ಣು ಚೀಪುತ್ತ ಮೂಲೆಯಲ್ಲಿ ಬಿದ್ದುಕೊಂಡಿದ್ದವಳನ್ನು ನಮ್ಮ ಅತ್ತೆಯೇ ಎಬ್ಬಿಸಿ ಊರ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿಗೆ ಹೊಸದಾಗಿ ಒಬ್ಬ ನರ್ಸ್ ಬಂದಿದ್ದರು. ಊರವರೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದರು. ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, "ರಕ್ತ ಕಡಿಮಿ ಐತಿ" ಎಂದು ಗುಳಿಗೆ ಕೊಟ್ಟರು. "ತಿಂಗಳಾ ಬರಬೇಕ ನೋಡವ್ವಾ. ನೀ ಬರಲಿಲ್ಲಂದ್ರ ನಾನ ನಿಮ್ಮ ಮನಿಗೆ ಬರ್ತೀನಿ."

ಸುಗ್ಗಿಯ ಗಡಿಬಿಡಿಯಲ್ಲಿ ಒಂದು ತಿಂಗಳು ಹೋಗಲಾಗಲಿಲ್ಲ. ಅವರು ನಿಜವಾಗಿಯೂ ಬಂದರು. ಅಡುಗೆಮನೆಯ ಬಾಗಿಲಲ್ಲೇ ಕೂತು, ಬೆಳಿಗ್ಗೆ ಏನು ಉಂಡೆ, ಸಂಜೆ ಏನು ಉಂಡೆ, ಕಾಲು ಬಾತಿವೆಯೇ ಎಂದು ಒಂದೊಂದಾಗಿ ಕೇಳಿದರು. ಮದುವೆಯಾದ ಮೇಲೆ ನನ್ನನ್ನು ಅಷ್ಟು ಸಾವಕಾಶವಾಗಿ ಯಾರೂ ವಿಚಾರಿಸಿರಲಿಲ್ಲ.

ಏಳನೇ ತಿಂಗಳಲ್ಲಿ ಮರದ ಕೊಳವೆಯೊಂದನ್ನು ನನ್ನ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರು. ಎಡಕ್ಕೆ ಕೇಳಿದರು, ಬಲಕ್ಕೆ ಕೇಳಿದರು, ಮತ್ತೆ ಎಡಕ್ಕೆ ಬಂದರು.

"ಎರಡ ಅದಾವ ಅನಸ್ತೈತಿ. ವಿಜಾಪುರದ ಡಾಕ್ಟರಬಾಯಿಗೆ ತೋರಸೂಣು."

ಮುಂದಿನ ವಾರ ಅತ್ತೆಯನ್ನೂ ನನ್ನನ್ನೂ ಬಸ್ಸಿನಲ್ಲಿ ಅವರೇ ಕರೆದೊಯ್ದರು. ದೊಡ್ಡ ದವಾಖಾನೆ ಎಂದರೆ ನನಗೆ ಅಂಜಿಕೆ. ನಮ್ಮ ಕಡೆ ಉಳಿಯುವ ಆಸೆ ಇಲ್ಲದವರನ್ನಷ್ಟೇ ಅಲ್ಲಿಗೆ ಒಯ್ಯುತ್ತಿದ್ದರು. ಆದರೆ ಹೋಗಿ ನೋಡಿದರೆ, ಪಡಸಾಲೆಯ ಎಳೆಬಿಸಿಲಿಗೆ ಬಾಣಂತಿಯರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹರಟುತ್ತಿದ್ದರು. ಒಬ್ಬಾಕೆಯ ತಾಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವತ್ತು ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಡಾಕ್ಟರಬಾಯಿ ನನ್ನನ್ನು ನೋಡಿ, ಎರಡು ಇರುವುದು ಖರೆ, ಹೆರಿಗೆ ಇಲ್ಲೇ ಆಗಬೇಕು ಎಂದರು.

ಕುಬಸ, ಅಂದರೆ ಸೀಮಂತ, ಮುಗಿಸಿ ನನ್ನನ್ನು ತವರಿಗೆ ಕರೆದೊಯ್ಯಲು ಬಂದ ಅವ್ವನಿಗೆ ಇದನ್ನು ಹೇಳಿದೆ. ಅವಳ ಮುಖ ಸಣ್ಣದಾಯಿತು.

"ನಮ್ಮ ಮನ್ಯಾಗ ಯಾರೂ ದವಾಖಾನ್ಯಾಗ ಹಡದಿಲ್ಲ. ಚೊಚ್ಚಲ ಬಾಣಂತನ ಮಾಡಾಕ ತಾಯಿಗೆ ತ್ರಾಣ ಇಲ್ಲೇನು ಅಂತಾರ ಮಂದಿ."

"ಬಾಣಂತನ ನಿನ್ನ ಕೈಲೇನ ಮಾಡಸ್ಕೋತೀನಿ ಯವ್ವಾ. ಹಡಿಯೂದಷ್ಟ ಅಲ್ಲಿ."

ಅವ್ವ ಒಬ್ಬಳೇ ಬಬಲೇಶ್ವರಕ್ಕೆ ತಿರುಗಿ ಹೋದಳು. ಆ ವಾರವೆಲ್ಲ ನನಗೆ ಸಂಕಟ. ಎಂಟು ದಿನಕ್ಕೆ ಮತ್ತೆ ಬಂದಳು, ಜೊತೆಗೆ ಸೂಲಗಿತ್ತಿ ಆಯಿ. ನನ್ನನ್ನು ಅವ್ವ ಹಡೆದಾಗ ಕೈಯಲ್ಲಿ ಹಿಡಿದವಳು ಅವಳೇ. ಆಯಿ ನನ್ನನ್ನು ಮಲಗಿಸಿಕೊಂಡು, ಅಂಗೈಗೆ ಎಣ್ಣೆ ಸವರಿ, ಕಣ್ಣು ಮುಚ್ಚಿ ಹೊಟ್ಟೆ ಮುಟ್ಟಿ ನೋಡಿದಳು.

"ಬಾಯಾರು ಹೇಳಿದ್ದು ಖರೆ ಐತಿ. ಒಂದ ತಲಿ ಕೆಳಗೈತಿ, ಒಂದ ಮ್ಯಾಲೈತಿ. ಇದು ನನ್ನ ಕೈಲೆ ಆಗೂದಲ್ಲ. ಆಕಿ ಹೇಳಿದಲ್ಲಿಗೆ ಕರಕೊಂಡ ಹೋಗ್ರಿ. ನಾನೂ ಬರ್ತೀನಿ."

ಅದನ್ನು ಹೇಳಲು ಅವಳಿಗೆ ಎಷ್ಟು ದೊಡ್ಡ ಮನಸ್ಸು ಬೇಕಿತ್ತು ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ಊರಲ್ಲಿ ಅವಳ ಮರ್ಯಾದೆ ನಿಂತಿದ್ದೇ ಆ ಕೈಯ ಮೇಲೆ.

ದಿನ ಹತ್ತಿರ ಬಂದಂತೆ ಅವ್ವ, ಆಯಿ, ನಾನು ವಿಜಾಪುರದ ಬಂಧುಗಳ ಮನೆಯಲ್ಲಿ ಉಳಿದುಕೊಂಡೆವು. ಒಂದು ಬೆಳಿಗ್ಗೆ ಹೆರಿಗೆ ಬ್ಯಾನಿ ಶುರುವಾಗಿ ದವಾಖಾನೆಗೆ ಹೋದೆವು. ಮೊದಲನೆಯವಳು ಸಲೀಸಾಗಿ ಬಂದಳು. ಎರಡನೆಯವಳ ಕಾಲು ಮುಂದಾಯಿತು. ಡಾಕ್ಟರಬಾಯಿ ನನಗೆ "ಈಗ ತಿಣುಕಬ್ಯಾಡ, ಈಗ ತಿಣುಕು" ಎಂದು ಮೆಲ್ಲಗೆ ಹೇಳುತ್ತಲೇ ಕೂಸನ್ನು ಹೊರಗೆ ತಂದರು. ಅದು ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ತಿಕ್ಕಿ, ಉಸಿರು ಊದಿದರು. ಆಮೇಲೆ ಅತ್ತಿತು.

ಹೊರಗೆ ಕಾಯುತ್ತಿದ್ದ ಆಯಿ ಒಳಗೆ ಬಂದು ಇಬ್ಬರನ್ನೂ ಮಡಿಲಿಗೆ ತೆಗೆದುಕೊಂಡಳು. ಅವ್ವ ನನ್ನ ಕಾಲ ಬಳಿ ಕೂತು, "ನಮ್ಮ ಮನ್ಯಾಗ ಆಗಿದ್ರ ನಾ ಏನ ಮಾಡ್ತಿದ್ದೆ" ಎಂದಳು. ಹತ್ತನೇ ದಿನ ಬಬಲೇಶ್ವರಕ್ಕೆ ಹೋದೆವು. ಆಯಿ ದಿನಾ ಇಬ್ಬರಿಗೂ ಎಣ್ಣೆ ಹಚ್ಚಿ ಎರೆದಳು.

ನಾನು ಧೈರ್ಯಸ್ಥೆ ಏನಲ್ಲ, ಓದಿದವಳೂ ಅಲ್ಲ. ಬಾಯಾರು ತಿಂಗಳುಗಟ್ಟಲೆ ನನ್ನ ಮಾತು ಕೇಳಿದ್ದರು, ಆ ಜಾಗವನ್ನು ಮೊದಲೇ ತೋರಿಸಿದ್ದರು. ಅದಕ್ಕೇ ಅಲ್ಲಿಗೆ ಹೋಗುತ್ತೇನೆ ಎನ್ನಲು ನನಗೆ ಬಾಯಿ ಬಂತು. ಕೆಲ ವರ್ಷಗಳ ಮೇಲೆ ನನ್ನ ತಂಗಿ ಬಸುರಿಯಾದಾಗ, ಮೂರು ತಿಂಗಳು ತುಂಬುವ ಮೊದಲೇ ಅವಳನ್ನು ಬಾಯಾರ ಹತ್ತಿರ ತಿಕೋಟಾಕ್ಕೆ ಕರೆತಂದವಳು ನಮ್ಮವ್ವ.